ಮಾಜಿ ಸೈನಿಕರಿಗಾಗಿ ಸಹಾಯಾರ್ಥ ಸಂಗೀತ ಕಾರ್ಯಕ್ರಮ: ಶುರುವಿನಿಂದ ಲೆಕ್ಕ ಒಪ್ಪಿಸುವ ತನಕ

"ನಮ್ಮದೊಂದು ಸಣ್ಣ ಹಾಡಿನ ತಂಡ ಇದೆ. ಊರಿನ ಮಾಜಿ ಸೈನಿಕರಿಗಾಗಿ ಒಂದು ಕಾರ್ಯಕ್ರಮ ಮಾಡಿ, ಬಂದ ದುಡ್ಡು ಅವರಿಗೆ ಕೊಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?" ನವೆಂಬರ್ ಬಂತೆಂದರೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ ಅಲ್ವಾ, ಅದಕ್ಕೆ. 1949ರಿಂದ ನಡೆದು ಬಂದ ದಿನ ಅದು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಕೊಟ್ಟು ಸೈನಿಕರ ಕಲ್ಯಾಣಕ್ಕೆ ಹಣ ಕೂಡಿಸುತ್ತಾರೆ. ಆ ದಿನಕ್ಕೆ ಹೊಂದಿಸಿ ಹಾಡಿನ ಕಾರ್ಯಕ್ರಮ ಮಾಡಬೇಕೆಂಬ ಆಸೆ ತುಂಬಾ ಒಳ್ಳೆಯದು. ಆದರೆ ನವೆಂಬರಿನಲ್ಲಿ ಶುರು ಮಾಡಿದರೆ ತಡವಾಯಿತು. ಕನಿಷ್ಠ ಮೂರು ತಿಂಗಳು ಕೈಯಲ್ಲಿರಲಿ.

ಇನ್ನೊಂದು ಮಾತು. ಹೆಚ್ಚಿನವರು ಮೊದಲು ಗಾಯಕರನ್ನು ಗೊತ್ತು ಮಾಡುತ್ತಾರೆ, ಆಮೇಲೆ ಹಾಲ್ ಹುಡುಕುತ್ತಾರೆ, ಹಣ ಯಾರಿಗೆ ಹೋಗಬೇಕು ಅನ್ನುವುದನ್ನು ಕೊನೆಗೆ ಯೋಚಿಸುತ್ತಾರೆ. ದಯವಿಟ್ಟು ಇದನ್ನು ತಿರುಗಿಸಿ. ಹಾಡುವುದು ನಿಮಗೆ ಗೊತ್ತಿರುವ ಕೆಲಸ, ಅದು ಹೇಗೂ ಚೆನ್ನಾಗಿ ಆಗುತ್ತದೆ. ಜನ ಕೊಟ್ಟ ಹಣ ಯಾವ ದಾರಿಯಲ್ಲಿ ಯಾರ ಕೈ ಸೇರುತ್ತದೆ ಅನ್ನುವುದೇ ಇಲ್ಲಿ ನಿಜವಾದ ಕೆಲಸ. ಅದಕ್ಕೇ ಈ ಲೇಖನದಲ್ಲಿ ಹಣದ ಮಾತು ಜಾಸ್ತಿ, ಹಾಡಿನ ಮಾತು ಕಡಿಮೆ.

ಕರ್ನಾಟಕದ ಒಂದು ಜಿಲ್ಲಾ ಕೇಂದ್ರ ಅಥವಾ ತಾಲ್ಲೂಕು ಊರಿನಲ್ಲಿ, ಮುನ್ನೂರರಿಂದ ಐನೂರು ಜನ ಸೇರುವ ಕಾರ್ಯಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸುಗಮ ಸಂಗೀತವಿರಲಿ, ರಸಮಂಜರಿಯಿರಲಿ, ಜನಪದ ಮೇಳವಿರಲಿ, ದಾರಿ ಹೆಚ್ಚುಕಡಿಮೆ ಒಂದೇ.

1. ಸಹಾಯ ಯಾರಿಗೆ ಅನ್ನುವುದನ್ನು ಮೊದಲು ತೀರ್ಮಾನಿಸಿ

"ಸೈನಿಕರಿಗಾಗಿ" ಅಂತ ಪೋಸ್ಟರ್ ಮೇಲೆ ಬರೆದರೆ ಸಾಲದು. ಕೆಲವು ಪದಗಳು ಸ್ಪಷ್ಟವಾಗಿರಬೇಕು.

ಮಾಜಿ ಸೈನಿಕರು ಅಂದರೆ ಭೂಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಕೆಲಸ ಮಾಡಿ, ಸರ್ಕಾರದ ನಿಯಮದಂತೆ ಬಿಡುಗಡೆಯಾದವರು. ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದವು ಗೃಹ ಸಚಿವಾಲಯದ ಕೆಳಗೆ ಬರುವ ಅರೆಸೇನಾ ಪಡೆಗಳು. ಅಲ್ಲಿಂದ ನಿವೃತ್ತರಾದವರಿಗೆ ಸೈನಿಕ ಕಲ್ಯಾಣ ಇಲಾಖೆಯ ಯೋಜನೆಗಳು ಸಿಗುವುದಿಲ್ಲ. ನೀವು ಅವರಿಗೂ ಸಹಾಯ ಮಾಡಬಹುದು, ಖಂಡಿತ ಮಾಡಿ. ಆದರೆ ಆ ಹಣದ ದಾರಿ ಬೇರೆ. ಕರ್ತವ್ಯದಲ್ಲಿ ಪ್ರಾಣ ಕೊಟ್ಟ ಅರೆಸೇನಾ ಪಡೆಯವರ ಕುಟುಂಬಗಳಿಗೆ 2017ರಲ್ಲಿ ಶುರುವಾದ 'ಭಾರತ್ ಕೆ ವೀರ್' ನಿಧಿ ಇದೆ. ಇದನ್ನು ಮಾಜಿ ಸೈನಿಕರ ನಿಧಿ ಅಂದುಕೊಂಡು ಬೆರೆಸಬೇಡಿ.

ವೀರ ನಾರಿ ಅಂದರೆ ಸೇವೆಯಲ್ಲಿದ್ದಾಗ ಹುತಾತ್ಮರಾದ ಯೋಧರ ಪತ್ನಿ.

ಇನ್ನು ಜನ ಸಾಮಾನ್ಯವಾಗಿ ಗಮನಿಸದ ಒಂದು ಗುಂಪು ಇದೆ. "ಮಿಲಿಟರಿಯಲ್ಲಿ ಇದ್ದವರಿಗೆಲ್ಲ ಪಿಂಚಣಿ ಬರುತ್ತೆ, ಕ್ಯಾಂಟೀನ್ ಇದೆ, ಅವರಿಗೇನು ಕಷ್ಟ?" ಅಂತ ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಜವಾನರಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. ಅದಕ್ಕಿಂತ ಮುಂಚೆ ಹೊರಬಂದವರು, ಅಲ್ಪಾವಧಿ ಸೇವೆಯ ಅಧಿಕಾರಿಗಳು ಪಿಂಚಣಿ ಇಲ್ಲದೆಯೇ ಬದುಕುತ್ತಾರೆ. 2022ರಲ್ಲಿ ಶುರುವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಹೊರಬರುವವರಿಗೂ ಪಿಂಚಣಿ ಇಲ್ಲ. ವಯಸ್ಸಾದ, ಪಿಂಚಣಿಯಿಲ್ಲದ ಮಾಜಿ ಸೈನಿಕರು ಮತ್ತು ಅವರ ವಿಧವೆಯರು ನಿಮ್ಮ ತಾಲ್ಲೂಕಿನಲ್ಲೂ ಇರುತ್ತಾರೆ. ನನ್ನನ್ನು ಕೇಳಿದರೆ, ಸಣ್ಣ ಕಾರ್ಯಕ್ರಮದ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಈ ಹೆಸರುಗಳನ್ನು ಬಾಯಿಮಾತಿನಲ್ಲಿ ಹುಡುಕಬೇಡಿ. ನಿಮ್ಮ ಭಾಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಎಲ್ಲ ಜಿಲ್ಲೆಯಲ್ಲೂ ಪ್ರತ್ಯೇಕ ಕಚೇರಿ ಇಲ್ಲ. ಕೆಲವು ಕಚೇರಿಗಳು ಅಕ್ಕಪಕ್ಕದ ಜಿಲ್ಲೆಗಳನ್ನೂ ನೋಡಿಕೊಳ್ಳುತ್ತವೆ. ಹೋಗುವಾಗ ಒಂದು ಪತ್ರ ತೆಗೆದುಕೊಂಡು ಹೋಗಿ: ನೀವು ಯಾರು, ಏನು ಮಾಡಬೇಕೆಂದಿದ್ದೀರಿ, ಎಷ್ಟು ಹಣ ಬರಬಹುದು, ಯಾವ ತರಹದ ಸಹಾಯ ಹೆಚ್ಚು ಬೇಕಾಗಿದೆ ಅಂತ ಕೇಳಿ. ಜೊತೆಗೆ ಊರಿನ ಮಾಜಿ ಸೈನಿಕರ ಸಂಘದ ಹಿರಿಯರನ್ನೂ ಭೇಟಿ ಮಾಡಿ. ಯಾರ ಮನೆಯಲ್ಲಿ ನಿಜವಾಗಿ ಕಷ್ಟ ಇದೆ, ಯಾರು ಕೇಳುವುದಕ್ಕೆ ಸಂಕೋಚಪಡುತ್ತಿದ್ದಾರೆ ಅನ್ನುವುದು ಅವರಿಗೇ ಗೊತ್ತಿರುವುದು.

ಅಲ್ಲಿ ಇನ್ನೊಂದು ವಿಷಯವನ್ನೂ ವಿಚಾರಿಸಿ. ಸರ್ಕಾರದಿಂದ ಈಗಾಗಲೇ ಏನು ಸಿಗುತ್ತದೆ? ಪಿಂಚಣಿಯಿಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ರಕ್ಷಣಾ ಸಚಿವಾಲಯದ ಕೆಳಗೆ ಬರುವ ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನ ಇದೆ. ಹವಾಲ್ದಾರ್ ದರ್ಜೆಯವರೆಗಿನವರ ಮಕ್ಕಳ ಓದಿಗೆ ನೆರವು ಇದೆ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಇದು ಮುಖ್ಯವಾಗಿ ಪಿಂಚಣಿದಾರರು ಮತ್ತು ಅವರನ್ನು ಅವಲಂಬಿಸಿದವರಿಗೆ. ಎಷ್ಟೋ ಮನೆಗಳಲ್ಲಿ ಇರುವ ಕೊರತೆ ಹಣದ್ದಲ್ಲ, ಅರ್ಜಿಯದು. ಇದನ್ನು ತಿಳಿದುಕೊಂಡರೆ ನಿಮ್ಮ ಹಣ ಸರ್ಕಾರ ಕೊಡಬೇಕಾದ ಕಡೆ ಖರ್ಚಾಗದೆ, ಯಾರೂ ಕೊಡದ ಕಡೆ ಹೋಗುತ್ತದೆ.

2. ಹಣ ಯಾರ ಖಾತೆಗೆ ಬರುತ್ತದೆ?

ಮೂರು ದಾರಿ ಇವೆ.

ಮೊದಲನೆಯದು, ಪೂರ್ತಿ ಹಣವನ್ನು ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ ಕೊಡುವುದು. ಬೇರೆ ಬೇರೆ ಕಲ್ಯಾಣ ನಿಧಿಗಳನ್ನು ಒಟ್ಟುಗೂಡಿಸಿ 1993ರಲ್ಲಿ ಈ ನಿಧಿ ಮಾಡಿದರು. ಜಿಲ್ಲಾ ಕಚೇರಿಯ ಮೂಲಕ ಕೊಡಬಹುದು, ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲೂ ಕೊಡಬಹುದು. ಚೆಕ್ಕಿನ ಮೇಲೆ ಯಾವ ಹೆಸರು ಬರೆಯಬೇಕು ಅನ್ನುವುದನ್ನು ಕಚೇರಿಯಲ್ಲಿ ಕೇಳಿ ಬರೆಯಿರಿ. ಹೊಸ ತಂಡಗಳಿಗೆ ನನ್ನ ಸಲಹೆ ಇದೇ. ತಕರಾರು ಕಡಿಮೆ, ರಸೀದಿ ಸ್ಪಷ್ಟ.

ಎರಡನೆಯದು, ನೋಂದಾಯಿತ ಮಾಜಿ ಸೈನಿಕರ ಸಂಘ ಅಥವಾ ಟ್ರಸ್ಟ್ ಮೂಲಕ ಕೊಡುವುದು. ಒಪ್ಪಿಕೊಳ್ಳುವ ಮೊದಲು ಅವರ ನೋಂದಣಿ ಪತ್ರ, ಪ್ಯಾನ್, ಹಿಂದಿನ ವರ್ಷಗಳ ಲೆಕ್ಕ ಪರಿಶೋಧನೆಯ ವರದಿ ನೋಡಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹಿಂಜರಿಯಬೇಡಿ. ಶಿಸ್ತಿನಲ್ಲಿ ಬೆಳೆದವರು ಅವರು. ಲೆಕ್ಕ ಸರಿಯಾಗಿ ಇಟ್ಟವರು ಖುಷಿಯಿಂದಲೇ ತೋರಿಸುತ್ತಾರೆ.

ಮೂರನೆಯದು, ಒಂದು ನಿರ್ದಿಷ್ಟ ಕುಟುಂಬಕ್ಕೆ ನೇರವಾಗಿ ಕೊಡುವುದು. ಆಗ ನಗದು ಕೈಗಿಡುವ ಬದಲು ಕಾಲೇಜಿನ ಶುಲ್ಕ ಕಾಲೇಜಿಗೆ, ಆಸ್ಪತ್ರೆ ಬಿಲ್ ಆಸ್ಪತ್ರೆಗೆ, ಗಾಲಿಕುರ್ಚಿ ಬೇಕಿದ್ದರೆ ಅಂಗಡಿಗೆ ಕಟ್ಟಿ. ಬಿಲ್ ನಿಮ್ಮ ಹತ್ತಿರ ಉಳಿಯುತ್ತದೆ.

ಇಲ್ಲಿ ಆಗುವ ತಪ್ಪುಗಳೇ ಮುಂದೆ ಜಗಳಕ್ಕೆ ಕಾರಣ. ಅದಕ್ಕೆ ಬಿಡಿಸಿ ಹೇಳುತ್ತೇನೆ.

ತಂಡದ ಯಾರೋ ಒಬ್ಬರ ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಕೋಡನ್ನು ಪೋಸ್ಟರ್ ಮೇಲೆ ಹಾಕಲೇಬೇಡಿ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಆ ಹಣ ಅವರದ್ದೋ ಜನರದ್ದೋ ಅಂತ ನಾಳೆ ತೆರಿಗೆ ಇಲಾಖೆಯವರು ಕೇಳಬಹುದು, ಊರಿನವರೂ ಕೇಳಬಹುದು. ನಿಮ್ಮದು ನೋಂದಾಯಿತ ಸಂಘವಾದರೆ ಸಂಘದ ಖಾತೆ, ಇಲ್ಲದಿದ್ದರೆ ಜೊತೆಗೂಡಿದ ಸಂಘದ ಖಾತೆ ಇರಲಿ. ಚೆಕ್ಕಿಗೆ ಇಬ್ಬರ ಸಹಿ ಬೇಕು.

ಟಿಕೆಟ್ ಕೊಂಡವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಹೇಳಬೇಡಿ. ಜನ '80ಜಿ' ಎಂದು ಕರೆಯುವ ವಿನಾಯಿತಿ ಇರುವುದು ದೇಣಿಗೆಗೆ. ಟಿಕೆಟ್ ಕೊಂಡವರು ಬದಲಿಗೆ ಕಾರ್ಯಕ್ರಮ ನೋಡುತ್ತಾರೆ, ಅದು ದೇಣಿಗೆ ಆಗುವುದಿಲ್ಲ. ವಿನಾಯಿತಿ ಬೇಕಾದವರು ಧ್ವಜ ದಿನ ನಿಧಿಗೋ, 80ಜಿ ನೋಂದಣಿ ಇರುವ ಸಂಸ್ಥೆಗೋ ಬೇರೆಯಾಗಿ ದೇಣಿಗೆ ಕೊಡಲಿ. ನಗದಿನಲ್ಲಿ ₹2,000ಕ್ಕಿಂತ ಜಾಸ್ತಿ ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ.

ವಿದೇಶದಲ್ಲಿರುವ ಕನ್ನಡಿಗರು ಕೊಡಲು ಮುಂದೆ ಬಂದರೆ ಇನ್ನೂ ಹುಷಾರು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಇಲ್ಲಿ ಅಡ್ಡ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರೂ ಸೇರಿ, ಕಳಿಸಿದ್ದು ವಿದೇಶಿ ದೇಣಿಗೆ. ಅಲ್ಲಿನ ಕನ್ನಡ ಸಂಘ ಕಳಿಸಿದರೂ ಅಷ್ಟೇ. ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ.

ಲಕ್ಕಿ ಡ್ರಾ ಕೂಪನ್ ಮಾರುವ ಯೋಚನೆ ಯಾರಾದರೂ ಮುಂದಿಟ್ಟರೆ ಅಲ್ಲೇ ನಿಲ್ಲಿಸಿ. ಸರ್ಕಾರದ ಅನುಮತಿಯಿಲ್ಲದ ಲಾಟರಿ ಅಪರಾಧ. ಒಳ್ಳೆಯ ಉದ್ದೇಶಕ್ಕೆ ಅನ್ನುವುದು ಅಲ್ಲಿ ಉತ್ತರವಾಗುವುದಿಲ್ಲ.

3. ದಿನ ಮತ್ತು ಜಾಗ

ಮಾಜಿ ಸೈನಿಕರಿಗೆ ಅರ್ಥವಿರುವ ದಿನಗಳು ಕೆಲವಿವೆ. ಡಿಸೆಂಬರ್ 7ರ ಧ್ವಜ ದಿನ ಹೇಳಿದೆ. ಡಿಸೆಂಬರ್ 16 ವಿಜಯ ದಿವಸ, 1971ರ ಯುದ್ಧ ಗೆದ್ದ ದಿನ. ಜುಲೈ 26 ಕಾರ್ಗಿಲ್ ವಿಜಯ ದಿವಸ. ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಅದೇ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ನಿವೃತ್ತರಾದರು. 1949ರ ಜನವರಿ 15ರಂದು ಅವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ನೆನಪಿಗೆ ಮರುದಿನ ಸೇನಾ ದಿನ.

ಇವುಗಳಲ್ಲಿ ಆರಿಸುವಾಗ ಊರಿನ ಲೆಕ್ಕವನ್ನೂ ನೋಡಿ. ಜುಲೈ ಕೊನೆಯಲ್ಲಿ ಕೊಡಗು, ಮಲೆನಾಡು, ಕರಾವಳಿಯಲ್ಲಿ ಜೋರು ಮಳೆ. ವಯಸ್ಸಾದವರು ಹಳ್ಳಿಗಳಿಂದ ಬರುವುದು ಕಷ್ಟ. ಗಣೇಶ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ ಆರ್ಕೆಸ್ಟ್ರಾದವರು, ಸೌಂಡ್‌ನವರು ಕೈಗೆ ಸಿಗುವುದಿಲ್ಲ, ಸಿಕ್ಕರೂ ದರ ಜಾಸ್ತಿ. ಜನವರಿ 14ಕ್ಕೆ ಸಂಕ್ರಾಂತಿಯ ಓಡಾಟ. ಹಾಗಾಗಿ ಡಿಸೆಂಬರಿನ ಮೊದಲ ಮೂರು ವಾರಗಳ ಒಂದು ಭಾನುವಾರ ಸಂಜೆ ಬಹಳಷ್ಟು ಊರುಗಳಿಗೆ ಹೊಂದುತ್ತದೆ. ದಿನ ಸರಿಯಾಗಿ 7ನೇ ತಾರೀಖೇ ಆಗಬೇಕೆಂದಿಲ್ಲ.

ಚುನಾವಣೆ ಹತ್ತಿರದಲ್ಲಿದ್ದರೆ ನೀತಿ ಸಂಹಿತೆ ಜಾರಿಯಾಗಬಹುದು. ಆಗ ಸಭಾಂಗಣ, ಮೈಕ್ ಎಲ್ಲದಕ್ಕೂ ಚುನಾವಣಾ ಅಧಿಕಾರಿಗಳ ಒಪ್ಪಿಗೆ ಬೇಕಾಗುತ್ತದೆ.

ಜಿಲ್ಲಾ ರಂಗಮಂದಿರ ಇದ್ದರೆ ಮೊದಲು ಅಲ್ಲಿ ಕೇಳಿ. ಬಹಳ ಕಡೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ. ಬಾಡಿಗೆ ಬೇರೆ, ಠೇವಣಿ ಬೇರೆ ಇರುತ್ತದೆ. ಸರ್ಕಾರಿ ಕಾರ್ಯಕ್ರಮ ಬಂದರೆ ನಿಮ್ಮ ದಿನ ರದ್ದಾಗಬಹುದು, ಆ ಷರತ್ತನ್ನು ಓದಿ ಸಹಿ ಮಾಡಿ. ಕಲ್ಯಾಣ ಮಂಟಪವಾದರೆ ಜನರೇಟರ್, ಪಾರ್ಕಿಂಗ್, ಸ್ವಚ್ಛತೆಯ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಅಂತ ಬರೆಸಿಕೊಳ್ಳಿ. ಬಯಲಿನಲ್ಲಿ ಪೆಂಡಾಲ್ ಹಾಕುವುದು ನೋಡಲು ಚೆಂದ, ಆದರೆ ಮೊದಲ ಸಲಕ್ಕೆ ಬೇಡ.

4. ಬಜೆಟ್ ಮತ್ತು ಟಿಕೆಟ್

ಒಂದು ಉದಾಹರಣೆ ನೋಡಿ. 400 ಕುರ್ಚಿಯ ಹಾಲ್, ಟಿಕೆಟ್ ₹200. ಎಲ್ಲ ಮಾರಾಟವಾಗುವುದಿಲ್ಲ, 280 ಹೋಯಿತು ಅನ್ನಿ. ಬಂದದ್ದು ₹56,000. ಹಾಲ್, ಸೌಂಡ್, ಲೈಟ್, ಪೋಸ್ಟರ್, ಊಟ, ಓಡಾಟ ಎಲ್ಲ ಸೇರಿ ₹45,000 ಆದರೆ ಸೈನಿಕರಿಗೆ ಉಳಿಯುವುದು ₹11,000. ಇಷ್ಟೊಂದು ಜನ ದುಡಿದು, ಇಷ್ಟೊಂದು ಜನ ಕೊಟ್ಟು, ಕೊನೆಗೆ ಹನ್ನೊಂದು ಸಾವಿರ! ಟಿಕೆಟ್ ಕೊಂಡವರಿಗೆ ಇದು ಗೊತ್ತಾದರೆ ಮುಂದಿನ ವರ್ಷ ಬರುವುದಿಲ್ಲ.

ಅದಕ್ಕೆ ಒಂದು ನಿಯಮ ಹಾಕಿಕೊಳ್ಳಿ: ಖರ್ಚು ಪ್ರಾಯೋಜಕರಿಂದ, ಟಿಕೆಟ್ ಹಣ ಪೂರ್ತಿ ಸೈನಿಕರಿಗೆ. ಊರಿನ ಬಟ್ಟೆ ಅಂಗಡಿ, ಹೋಟೆಲ್, ಸಹಕಾರ ಬ್ಯಾಂಕ್, ಪೆಟ್ರೋಲ್ ಬಂಕ್ ಇವರನ್ನು ಒಂದೊಂದು ಖರ್ಚಿಗೆ ಕೇಳಿ. "ದೇಣಿಗೆ ಕೊಡಿ" ಅಂದರೆ ಯೋಚಿಸುವವರು "ಆ ದಿನದ ಊಟ ನಿಮ್ಮದು", "ಸೌಂಡ್ ಬಾಡಿಗೆ ನಿಮ್ಮದು" ಅಂದರೆ ಬೇಗ ಒಪ್ಪುತ್ತಾರೆ. ಖರ್ಚಿನಷ್ಟು ಪ್ರಾಯೋಜಕತ್ವ ಸಿಗುವ ತನಕ ಟಿಕೆಟ್ ಮುದ್ರಿಸಬೇಡಿ. ಸಿಗದಿದ್ದರೆ ಕಾರ್ಯಕ್ರಮವನ್ನು ಸಣ್ಣದು ಮಾಡಿ. ಶಾಲೆಯ ಸಭಾಂಗಣ, ಹಾರ್ಮೋನಿಯಂ, ತಬಲಾ, ಎರಡು ಮೈಕ್ ಸಾಕು. ಜನ ಕೂತು ಕೇಳುತ್ತಾರೆ.

ಟಿಕೆಟ್ ದರ ಒಬ್ಬರಿಗೆ ₹500ರ ಒಳಗಿದ್ದರೆ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಅದರ ಮೇಲೆ ಹೋಗುವುದಾದರೆ ಲೆಕ್ಕಪರಿಶೋಧಕರನ್ನು ಕೇಳಿ. ಪ್ರತಿ ಟಿಕೆಟ್‌ಗೂ ಕ್ರಮಸಂಖ್ಯೆ ಮತ್ತು ಪ್ರತಿಪುಟ ಇರಲಿ. ಯಾರಿಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಮಾರಲು ಕೊಟ್ಟಿರಿ ಅನ್ನುವುದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಮಾರದೆ ಉಳಿದ ಟಿಕೆಟ್ ವಾಪಸ್ ಬರಲೇಬೇಕು. ಉಚಿತ ಪಾಸ್ ಬಗ್ಗೆ ಗಟ್ಟಿಯಾಗಿರಿ. ಮಾಜಿ ಸೈನಿಕರು ಮತ್ತು ಅವರ ಮನೆಯವರಿಗೆ ಮಾತ್ರ ಪಾಸ್. ಗಣ್ಯರಿಗೆ, ನೆಂಟರಿಗೆ ಅಂತ ಶುರುವಾದರೆ ಮುಂದಿನ ನಾಲ್ಕು ಸಾಲು ಹೋಯಿತು.

5. ಕಲಾವಿದರ ಜೊತೆ ಮಾತು

ಎಲ್ಲರೂ ಉಚಿತವಾಗಿ ಬರಬೇಕು ಅಂತ ನಿರೀಕ್ಷಿಸುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ ಹಾಡುವವರು ಒಂದು ಸಂಜೆ ಕೊಡಬಹುದು. ಕೀಬೋರ್ಡ್, ರಿದಂ ಪ್ಯಾಡ್, ತಬಲಾ ನುಡಿಸಿಯೇ ಮನೆ ನಡೆಸುವವರಿಗೆ ಡಿಸೆಂಬರಿನ ಭಾನುವಾರ ಅಂದರೆ ಆ ವಾರದ ಸಂಪಾದನೆ. ಅವರಿಗೆ ಕಡಿಮೆಯಾದರೂ ಗೌರವಧನ ಕೊಡಿ, ಅದನ್ನು ಖರ್ಚಿನ ಪಟ್ಟಿಯಲ್ಲಿ ಮುಚ್ಚಿಡದೆ ತೋರಿಸಿ. ಅವರಾಗಿಯೇ ಬೇಡ ಅಂದರೆ ಬೇರೆ ಮಾತು. ಪ್ರಯಾಣ ಮತ್ತು ಊಟದ ಖರ್ಚು ಮಾತ್ರ ಎಲ್ಲರಿಗೂ ಕೊಡಬೇಕು.

ಯಾರು ಎಷ್ಟು ಹೊತ್ತು ಹಾಡುತ್ತಾರೆ, ಸೌಂಡ್ ಚೆಕ್ ಎಷ್ಟು ಗಂಟೆಗೆ, ಎಷ್ಟು ಮೈಕ್ ಬೇಕು, ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ವಾಟ್ಸಾಪ್‌ನಲ್ಲಾದರೂ ಎಲ್ಲರಿಂದ ಒಪ್ಪಿಗೆ ತೆಗೆದುಕೊಳ್ಳಿ.

ಹಾಡುಗಳ ಆಯ್ಕೆಯಲ್ಲಿ ಪೂರ್ತಿ ಎರಡೂವರೆ ಗಂಟೆ ದೇಶಭಕ್ತಿ ಗೀತೆಗಳನ್ನೇ ತುಂಬಬೇಡಿ. ಮಾಜಿ ಸೈನಿಕರನ್ನೇ ಕೇಳಿ ನೋಡಿ. ಬಹಳ ಜನರಿಗೆ ಬೇಕಾಗಿರುವುದು ತಾವು ಗಡಿಯಲ್ಲಿ ರೇಡಿಯೋದಲ್ಲಿ ಕೇಳುತ್ತಿದ್ದ ಹಳೆಯ ಚಿತ್ರಗೀತೆ, ಊರಿನ ನೆನಪು ತರುವ ಜನಪದ. ಕೊಡಗಿನಲ್ಲಾದರೆ ವಾಲಗ ಬೇಕು, ಉತ್ತರ ಕರ್ನಾಟಕದಲ್ಲಾದರೆ ತತ್ವಪದ ಬೇಕು. ಪಡೆಗಳಲ್ಲಿ 'ಬಡಾಖಾನಾ' ಅಂತ ಒಂದು ರೂಢಿ ಇದೆ. ಅಧಿಕಾರಿ, ಜವಾನ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಊಟ ಮಾಡುವುದು. ಅಲ್ಲೆಲ್ಲ ಹಾಡಿದವರು ನಿಮ್ಮ ಊರಿನಲ್ಲೂ ಇರುತ್ತಾರೆ. ಅವರಲ್ಲಿ ಒಬ್ಬಿಬ್ಬರಿಗೆ ವೇದಿಕೆಯಲ್ಲಿ ಹಾಡಲು ಅವಕಾಶ ಕೊಡಿ, ಮುಂಚೆಯೇ ಒಮ್ಮೆ ಅಭ್ಯಾಸ ಮಾಡಿಸಿ. ಆ ಸಂಜೆ ಅವರು ಬರೀ ಸಹಾಯ ಪಡೆಯುವವರಾಗಿ ಉಳಿಯುವುದಿಲ್ಲ.

6. ಅನುಮತಿಗಳು

ಪೊಲೀಸ್ ಠಾಣೆಗೆ ಕನಿಷ್ಠ ಮೂರು ವಾರ ಮುಂಚೆ ಅರ್ಜಿ ಕೊಡಿ. ಹಾಲ್ ಬುಕಿಂಗ್ ರಸೀದಿ, ಅಂದಾಜು ಜನ, ಸಮಯ, ಜವಾಬ್ದಾರರ ಹೆಸರು ಅದರಲ್ಲಿರಲಿ. ಧ್ವನಿವರ್ಧಕಕ್ಕೆ ಬೇರೆಯಾಗಿ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಕಾರ್ಯಕ್ರಮವನ್ನು ಒಂಬತ್ತೂವರೆಗೆ ಮುಗಿಸುವಂತೆ ಯೋಜಿಸಿ. ನಗರಸಭೆ ಅಥವಾ ಪಂಚಾಯಿತಿಯಿಂದ ಬ್ಯಾನರ್ ಅನುಮತಿ ಬೇಕೇ ವಿಚಾರಿಸಿ. ಪೆಂಡಾಲ್ ಆದರೆ ಅಗ್ನಿಶಾಮಕದವರು, ತಾತ್ಕಾಲಿಕ ವಿದ್ಯುತ್ ಸಂಪರ್ಕ ಎರಡೂ ಸೇರಿಕೊಳ್ಳುತ್ತವೆ.

ಸೈನಿಕ ಕಲ್ಯಾಣ ಇಲಾಖೆಯ ಹೆಸರನ್ನಾಗಲಿ, ಸೇನೆಯ ಲಾಂಛನವನ್ನಾಗಲಿ ಪೋಸ್ಟರ್ ಮೇಲೆ ಲಿಖಿತ ಒಪ್ಪಿಗೆ ಇಲ್ಲದೆ ಹಾಕಬೇಡಿ. ರಾಷ್ಟ್ರಧ್ವಜವನ್ನು ಮೇಜಿನ ಹೊದಿಕೆ, ವೇದಿಕೆಯ ಪರದೆ, ಅಲಂಕಾರದ ಬಟ್ಟೆಯಾಗಿ ಬಳಸುವುದು ಧ್ವಜ ಸಂಹಿತೆಗೆ ವಿರುದ್ಧ. ಇನ್ನು ಗಾಯಕರು, ಮಕ್ಕಳು ಸೇನೆಯ ಸಮವಸ್ತ್ರದಂಥ ಬಟ್ಟೆ ಹಾಕಿಕೊಂಡು ಕುಣಿಯುವುದು ಈಚೆಗೆ ಜಾಸ್ತಿಯಾಗಿದೆ. ಸೈನಿಕನೆಂದು ನಂಬಿಸಲು ಆ ಸಮವಸ್ತ್ರ ತೊಡುವುದು ಅಪರಾಧ. ಅದು ನಿಮ್ಮ ಉದ್ದೇಶ ಅಲ್ಲದಿದ್ದರೂ, ಸಮವಸ್ತ್ರಕ್ಕಾಗಿ ಜೀವ ಸವೆಸಿದವರ ಮುಂದೆ ಅದನ್ನು ವೇಷವಾಗಿ ಹಾಕಿಕೊಳ್ಳುವುದು ಬೇಡ.

7. ಹಾಡಿನ ಹಕ್ಕು

"ಧರ್ಮಕಾರ್ಯ ಅಲ್ವಾ, ಇದಕ್ಕೂ ಲೈಸೆನ್ಸ್ ಬೇಕಾ?" ಅಂತ ಕೇಳುತ್ತಾರೆ. ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹವ್ಯಾಸಿ ತಂಡಗಳಿಗೆ ವಿನಾಯಿತಿ ಇರುವುದು ಪ್ರೇಕ್ಷಕರಿಂದ ಹಣ ಪಡೆಯದ ಪ್ರದರ್ಶನಕ್ಕೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಡೆಯುವ ಪ್ರದರ್ಶನಕ್ಕೆ. ಟಿಕೆಟ್ ಇಟ್ಟು ಮಾಜಿ ಸೈನಿಕರಿಗಾಗಿ ಮಾಡುವುದು ಇದರಲ್ಲಿ ಬರುವುದಿಲ್ಲ.

ಚಿತ್ರಗೀತೆ ಹಾಡುವುದಾದರೆ ಐಪಿಆರ್‌ಎಸ್ ಪರವಾನಗಿ ತೆಗೆದುಕೊಳ್ಳಬೇಕು. ಹಾಡು ಬರೆದವರು, ಸಂಗೀತ ಸಂಯೋಜಿಸಿದವರ ಪರವಾಗಿ ರಾಯಧನ ಕೂಡಿಸುವ ಸಂಸ್ಥೆ ಅದು, 1969ರಿಂದ ಇದೆ. ಪಡೆಯಬೇಕಾದದ್ದು ಸಂಘಟಕರು, ಗಾಯಕರಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕುವಾಗ ಸಹಾಯಾರ್ಥ ಕಾರ್ಯಕ್ರಮ ಅಂತ ತಿಳಿಸಿ, ರಿಯಾಯಿತಿ ಕೇಳಿ ನೋಡಿ. ಕರೋಕೆ ಟ್ರ್ಯಾಕ್ ಹಾಕಿ ಹಾಡುವುದಾದರೆ ಟ್ರ್ಯಾಕ್ ಕೂಡ ಒಂದು ಧ್ವನಿಮುದ್ರಣ. ಅದರ ಹಕ್ಕು ಬೇರೆಯವರ ಬಳಿ ಇರುತ್ತದೆ. ಸಾಧ್ಯವಿದ್ದರೆ ವಾದ್ಯದವರ ಜೊತೆಗೇ ಹಾಡಿ.

ಕವಿ ತೀರಿಹೋಗಿ 60 ವರ್ಷದ ತನಕ ಅವರ ರಚನೆಗೆ ಹಕ್ಕುಸ್ವಾಮ್ಯ ಇರುತ್ತದೆ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗೆ ಸಾಹಿತ್ಯದ ತೊಡಕಿಲ್ಲ. ಆದರೆ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯ ತನಕ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯ ತನಕ ಹಕ್ಕು ಇದೆ. ಸುಗಮ ಸಂಗೀತದವರು ಮರೆಯುವ ಇನ್ನೊಂದು ವಿಷಯ ರಾಗ ಸಂಯೋಜನೆಯದು. ಶರೀಫರ ಸಾಹಿತ್ಯ ಮುಕ್ತವಾಗಿದ್ದರೂ, 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್ ಅವರ ಸಂಯೋಜನೆಯಲ್ಲಿ ಅದನ್ನು ಹಾಡಿದರೆ ಆ ಸಂಯೋಜನೆಗೆ ಇನ್ನೂ ಹಕ್ಕು ಇದೆ. ಹಾಡುಗಳ ಪಟ್ಟಿ ಮಾಡುವಾಗ ಪ್ರತಿ ಹಾಡಿನ ಮುಂದೆ ಕವಿ, ಸಂಯೋಜಕರು ಇಬ್ಬರ ಹೆಸರನ್ನೂ ಬರೆದುಕೊಳ್ಳಿ. ವೇದಿಕೆಯಲ್ಲಿ ಹೇಳುವುದಕ್ಕೂ ಅದು ಬೇಕು.

ಯೂಟ್ಯೂಬ್, ಫೇಸ್‌ಬುಕ್‌ನಲ್ಲಿ ನೇರ ಪ್ರಸಾರಕ್ಕೆ ಸಭಾಂಗಣದ ಪರವಾನಗಿ ಸಾಲುವುದಿಲ್ಲ. ಚಿತ್ರಗೀತೆ ಬಂದ ಕೂಡಲೇ ಧ್ವನಿ ಹೋಗಬಹುದು, ಪ್ರಸಾರವೇ ನಿಲ್ಲಬಹುದು. ದೂರದವರ ದೇಣಿಗೆಯನ್ನು ಅದರ ಮೇಲೆ ನಂಬಿ ಕೂರಬೇಡಿ.

8. ಬರುವ ಹಿರಿಯರಿಗಾಗಿ ತಯಾರಿ

ಇದು ಎಲ್ಲ ಸಂಘಟಕರೂ ಕೊನೆಗೆ ಬಿಡುವ ಭಾಗ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಫಿರಂಗಿ ದಳದಲ್ಲಿದ್ದವರಿಗೆ, ಟ್ಯಾಂಕ್‌ನಲ್ಲಿದ್ದವರಿಗೆ ಕಿವಿಯ ತೊಂದರೆ ಇರುವುದು ಸಾಮಾನ್ಯ. ಸ್ಪೀಕರ್ ಪಕ್ಕದ ಮುಂದಿನ ಸಾಲು ಗೌರವದ ಜಾಗ ಅಂತ ನಾವು ಅಂದುಕೊಳ್ಳುತ್ತೇವೆ, ಅವರಿಗೆ ಅದು ಹಿಂಸೆ. ಮಧ್ಯದ ನಾಲ್ಕೈದನೇ ಸಾಲಿನಲ್ಲಿ ಕೂರಿಸಿ. ಗಾಲಿಕುರ್ಚಿಗೆ ಇಳಿಜಾರು, ಹತ್ತಿರದಲ್ಲೇ ಶೌಚಾಲಯ, ಕುಡಿಯುವ ನೀರು ಇದೆಯೇ ಅಂತ ಒಂದು ದಿನ ಮುಂಚೆ ಹೋಗಿ ನೋಡಿ ಬನ್ನಿ.

ಪಟಾಕಿ ಬೇಡ. ಗುಂಡಿನ ಸದ್ದಿನ ಪರಿಣಾಮ, ಹಠಾತ್ ಸ್ಫೋಟದ ಧ್ವನಿ, ಕಣ್ಣಿಗೆ ಹೊಡೆಯುವ ಮಿಣುಕು ದೀಪ ಯಾವುದೂ ಬೇಡ. ಯುದ್ಧ ಕಂಡವರಲ್ಲಿ ಕೆಲವರಿಗೆ ಇಂಥ ಸದ್ದು ಹಳೆಯದನ್ನೆಲ್ಲ ಒಮ್ಮೆಲೇ ಎಬ್ಬಿಸುತ್ತದೆ. ಎದ್ದು ಹೊರಗೆ ಹೋಗಬೇಕೆನಿಸಿದರೆ ಸುಲಭವಾಗಿ ಹೋಗುವಂತೆ ಸಾಲಿನ ಅಂಚಿನ ಕುರ್ಚಿಗಳನ್ನು ಬಿಡಿ.

ಹೆಸರು ಕೂಗುವಾಗ ದರ್ಜೆ ತಪ್ಪಬಾರದು. ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್ ಇವೆಲ್ಲ ವರ್ಷಗಳ ದುಡಿಮೆಯಿಂದ ಬಂದದ್ದು. ಎಲ್ಲರನ್ನೂ "ಯೋಧರು" ಅಂತ ಒಟ್ಟಿಗೆ ಕರೆಯುವ ಬದಲು ದರ್ಜೆ, ಹೆಸರು, ರೆಜಿಮೆಂಟ್ ಬರೆಸಿಕೊಂಡು ನಿರೂಪಕರಿಗೆ ಕೊಡಿ.

ಸಾಧ್ಯವಾದರೆ ಬಾಗಿಲ ಬಳಿ ಒಂದು ಮೇಜು ಹಾಕಿಸಿ, ಸೈನಿಕ ಕಲ್ಯಾಣ ಕಚೇರಿಯವರನ್ನೋ ಸಂಘದ ತಿಳಿದವರನ್ನೋ ಕೂರಿಸಿ. 'ಸ್ಪರ್ಶ್' ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಲ್ಲಿ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಳ್ಳಿಯಲ್ಲಿರುವ ಎಂಬತ್ತು ದಾಟಿದ ಅಜ್ಜಿಗೆ ಇದು ದೊಡ್ಡ ತಲೆನೋವು. ಮಕ್ಕಳ ಓದಿನ ನೆರವಿನ ಅರ್ಜಿ, ದಾಖಲೆಯಲ್ಲಿ ಹೆಂಡತಿಯ ಹೆಸರಿನ ತಿದ್ದುಪಡಿ, ಇಂಥವಕ್ಕೆ ದಾರಿ ತೋರಿಸುವ ಒಬ್ಬರು ಅಲ್ಲಿದ್ದರೆ ನೀವು ಕೂಡಿಸಿದ ಹಣಕ್ಕಿಂತ ಹೆಚ್ಚಿನದು ಕೆಲವು ಮನೆಗಳಿಗೆ ಸಿಗಬಹುದು.

9. ಆ ಸಂಜೆ

ಭಾಷಣ ಮತ್ತು ಸನ್ಮಾನ ಸೇರಿ ಇಪ್ಪತ್ತು ನಿಮಿಷ ಮೀರಬಾರದು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಅಂತ ಮೂವತ್ತು ಜನರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದರೆ ಮಂಡಿನೋವಿನವರಿಗೆ ಅದೇ ಶಿಕ್ಷೆ. ಕೂತಲ್ಲೇ ಹೋಗಿ ಗೌರವಿಸಿ. ರಾಜಕೀಯದವರು ಬಂದರೆ ಸ್ವಾಗತಿಸಿ, ಮೈಕ್ ಕೊಡುವ ಮುಂಚೆ ಸಮಯ ಹೇಳಿ.

ಸಹಾಯ ಪಡೆಯುವ ಕುಟುಂಬವನ್ನು ವೇದಿಕೆಗೆ ಕರೆದು ಅವರ ಕಷ್ಟವನ್ನು ಮೈಕಿನಲ್ಲಿ ವಿವರಿಸಬೇಡಿ. ದೊಡ್ಡ ರಟ್ಟಿನ ಚೆಕ್ ಹಿಡಿಸಿ ಫೋಟೋ ತೆಗೆಯಬೇಡಿ. ವೀರ ನಾರಿಯರು ಅಳುವಾಗ ಕ್ಯಾಮೆರಾ ಹತ್ತಿರ ಒಯ್ಯುವುದಂತೂ ಬೇಡವೇ ಬೇಡ. ಫೋಟೋಗೆ ಮುಂಚೆಯೇ ಒಪ್ಪಿಗೆ ಕೇಳಿ, ಬೇಡ ಅಂದರೆ ಅಲ್ಲಿಗೆ ಬಿಡಿ. ಹಣ ನಿಧಿಗೋ ಸಂಘಕ್ಕೋ ಹೋಗುವುದಾದರೆ ಚೆಕ್ ತೆಗೆದುಕೊಳ್ಳುವವರು ಅಧಿಕಾರಿಗಳು, ಅವರ ಜೊತೆ ಫೋಟೋ ಇರಲಿ.

ನಾಡಗೀತೆಯನ್ನು 2022ರಲ್ಲಿ ಸರ್ಕಾರ ಗೊತ್ತುಪಡಿಸಿದ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಆಲಾಪ, ಹೊಸ ತಿರುವು ಏನೂ ಸೇರಿಸಬೇಡಿ. ನಿಲ್ಲಲಾಗದವರು ಕೂತೇ ಇರಲಿ, ಯಾರೂ ಅವರನ್ನು ದಿಟ್ಟಿಸದಂತೆ ನಿರೂಪಕರು ಮೊದಲೇ ಒಂದು ಮಾತು ಹೇಳಿದರೆ ಚೆನ್ನ.

ಬಾಗಿಲಲ್ಲಿ ದೇಣಿಗೆ ಡಬ್ಬ ಇಟ್ಟರೆ ಬೀಗ ಹಾಕಿ. ತೆರೆಯುವುದು, ಎಣಿಸುವುದು ಅಲ್ಲೇ, ಕನಿಷ್ಠ ಮೂವರ ಮುಂದೆ. ಅದರಲ್ಲಿ ಒಬ್ಬರು ತಂಡದ ಹೊರಗಿನವರಾಗಿರಲಿ. ಎಣಿಸಿದ ಚೀಟಿಗೆ ಮೂವರೂ ಸಹಿ ಹಾಕಿ, ಮರುದಿನ ಬೆಳಿಗ್ಗೆಯೇ ಬ್ಯಾಂಕಿಗೆ ಕಟ್ಟಿ. ಆ ನಗದಿನಿಂದ ರಾತ್ರಿ ಸೌಂಡ್‌ನವರ ಬಾಕಿ ಕೊಡಬೇಡಿ. ಖರ್ಚಿನ ಹಣ ಬೇರೆ, ಇದು ಬೇರೆ.

10. ಲೆಕ್ಕ

ಹದಿನೈದು ದಿನದೊಳಗೆ ಹಣ ತಲುಪಬೇಕು, ಲೆಕ್ಕ ಹೊರಬರಬೇಕು. ಒಂದೇ ಪುಟ ಸಾಕು. ಎಷ್ಟು ಟಿಕೆಟ್ ಮುದ್ರಿಸಿದಿರಿ, ಎಷ್ಟು ಮಾರಾಟವಾಯಿತು, ಎಷ್ಟು ವಾಪಸ್ ಬಂತು, ಎಷ್ಟು ಪಾಸ್. ದೇಣಿಗೆ ಎಷ್ಟು. ಪ್ರಾಯೋಜಕರು ಯಾವ ಖರ್ಚಿಗೆ ಎಷ್ಟು ಕೊಟ್ಟರು. ಯಾರಿಗೆ ಎಷ್ಟು ಗೌರವಧನ. ಕೊನೆಗೆ ಕೊಟ್ಟ ಮೊತ್ತ, ತಾರೀಖು, ಬ್ಯಾಂಕ್ ವರ್ಗಾವಣೆಯ ಸಂಖ್ಯೆ. ನೇರವಾಗಿ ಕುಟುಂಬಕ್ಕೆ ಸಹಾಯ ಮಾಡಿದ್ದರೆ ಅವರ ಹೆಸರು ಹಾಕಬೇಡಿ, "ಒಬ್ಬ ಮಾಜಿ ಸೈನಿಕರ ಮಗಳ ಕಾಲೇಜು ಶುಲ್ಕ" ಅಂತ ಬರೆದರೆ ಸಾಕು. ಇದನ್ನು ಟಿಕೆಟ್ ಮಾರಿದ ಪ್ರತಿ ವಾಟ್ಸಾಪ್ ಗುಂಪಿಗೂ ಕಳಿಸಿ, ಹಾಲ್‌ನ ಸೂಚನಾ ಫಲಕದಲ್ಲಿ ಅಂಟಿಸಿ, ಕಲಾವಿದರಿಗೆ ಒಂದೊಂದು ಪ್ರತಿ ಕೊಡಿ, ಸೈನಿಕ ಕಲ್ಯಾಣ ಕಚೇರಿಗೂ ಒಂದು ಪ್ರತಿ ಹೋಗಲಿ.

ನಷ್ಟವಾದರೂ, ಅಂದುಕೊಂಡದ್ದಕ್ಕಿಂತ ಕಡಿಮೆ ಬಂದರೂ ಲೆಕ್ಕ ಹಾಗೇ ಪ್ರಕಟಿಸಿ. ಕಡಿಮೆ ಬಂತು ಅನ್ನುವುದಕ್ಕೆ ಜನ ಬೇಸರಪಡುವುದಿಲ್ಲ, ಏನಾಯಿತು ಅಂತ ಗೊತ್ತಾಗದಿದ್ದರೆ ಬೇಸರಪಡುತ್ತಾರೆ.

ಅನುಮತಿ ಪತ್ರಗಳು, ಐಪಿಆರ್‌ಎಸ್ ರಸೀದಿ, ಟಿಕೆಟ್ ಪ್ರತಿಪುಟಗಳು, ಬಿಲ್ಲುಗಳು, ನಿಧಿಯಿಂದ ಬಂದ ರಸೀದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಲೆಕ್ಕಪರಿಶೋಧಕರು ಹೇಳುವಷ್ಟು ವರ್ಷ ಜೋಪಾನ ಮಾಡಿ. ಮುಂದಿನ ಡಿಸೆಂಬರಿಗೆ ರಂಗಮಂದಿರ ಬೇಕಿದ್ದರೆ, ಠೇವಣಿ ವಾಪಸ್ ತರಲು ಹೋದ ದಿನವೇ ಖಾಲಿ ಭಾನುವಾರಗಳನ್ನು ವಿಚಾರಿಸಿ ಅರ್ಜಿ ಕೊಟ್ಟು ಬನ್ನಿ.